ಮ್ಯೂಸಿಯಂಗೊಂದು ಲೋಟ

ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆತಾಯಿಗಳನ್ನು ಮೊದಲ ವಾರ ಮಾಲ್‌ಗೆ, ಎರಡನೇ ವಾರ ದೇವಸ್ಥಾನಕ್ಕೆ, ಮೂರನೇ ವಾರ ಯಾವುದಾದರೂ ಕೆರೆಗೋ ಜಲಪಾತಕ್ಕೋ ಕರೆದುಕೊಂಡು ಹೋಗುವುದು ವಾಡಿಕೆ. ಅಷ್ಟು ಹೊತ್ತಿಗೆ ಮಕ್ಕಳ ರಜೆ ಮುಗಿದಿರುತ್ತದೆ, ಊರಿಂದ ಒಯ್ದ ಚಟ್ನಿಪುಡಿ ಮುಗಿದಿರುತ್ತದೆ, ಮಾತೂ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಮೇಲೆ ಉಳಿಯುವುದು ಮ್ಯೂಸಿಯಂ. ನಮ್ಮ ಮಗಳು, ಅಳಿಯ ಇರುವುದು ಕೆನಡಾದ ವಿನಿಪೆಗ್‌ನಲ್ಲಿ. ಬಯಲುಸೀಮೆಯವರಾದ ನಮಗೂ ಬಯಲು ಎನ್ನಿಸುವಂಥ ಚಪ್ಪಟೆ ಊರು ಅದು. ನಮ್ಮ ದೊಡ್ಡಬಳ್ಳಾಪುರದಲ್ಲಿ ನಿಂತು ಯಾವ ಕಡೆ ತಿರುಗಿದರೂ ನಂದಿಬೆಟ್ಟವೋ ಮಾಕಳಿದುರ್ಗವೋ ಕಾಣುವ ಕಣ್ಣಿಗೆ ಅಲ್ಲಿ ಒರಗಿಕೊಳ್ಳಲು ಏನೂ ಸಿಗುವುದಿಲ್ಲ. ಹಾಗಾಗಿ ನಾವು ಮ್ಯೂಸಿಯಂ ಹಂತವನ್ನು ಬೇಗನೆ ತಲುಪಿದೆವು.

"ಮಾನವ ಹಕ್ಕುಗಳ ಮ್ಯೂಸಿಯಂ ನೋಡೋಣ ಮಾವ, ಇಡೀ ದೇಶಕ್ಕೇ ಹೆಸರುವಾಸಿ" ಎಂದ ಅಳಿಯ. ನನ್ನ ಹೆಂಡತಿ ಕೇಳಿದ ಪ್ರಶ್ನೆ ನ್ಯಾಯವಾಗಿತ್ತು: "ಹಕ್ಕನ್ನ ಗಾಜಿನ ಪೆಟ್ಟಿಗೇಲಿ ಹೆಂಗಪ್ಪಾ ಇಡ್ತಾರೆ?"

ನಮಗೆ ಮ್ಯೂಸಿಯಂ ಎಂದರೆ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ, ಅದರ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ. ಮೇಷ್ಟರ ಕೆಲಸದಲ್ಲಿದ್ದಷ್ಟು ಕಾಲ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬರುತ್ತಿತ್ತು. ಆ ಮಕ್ಕಳು ಈಗ ಸಿಕ್ಕಿದರೆ ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಕೂತು ತಿಂದ ಚಿತ್ರಾನ್ನವನ್ನು ನೆನೆಯುತ್ತಾರೆಯೇ ಹೊರತು ಮಹಡಿ ಮಹಡಿಯಲ್ಲಿ ನಾವು ತೋರಿಸಿದ ವಿಜ್ಞಾನವನ್ನಲ್ಲ. ಅವರ ಲೆಕ್ಕದಲ್ಲಿ ಮ್ಯೂಸಿಯಂ ಸಾಮಾನು ಮೂರೇ ಬಗೆ: ಹಳೆಯದು, ಸತ್ತದ್ದು, ಗುಂಡಿ ಒತ್ತಿದರೆ ತಿರುಗುವುದು. ಹಕ್ಕು ಈ ಮೂರರಲ್ಲಿ ಯಾವುದಕ್ಕೆ ಸೇರಿತು ಎಂದು ಯೋಚಿಸುತ್ತಲೇ ನಾನು ಕಾರು ಹತ್ತಿದೆ.

ಜಾಗವೇನೋ ಚೆನ್ನಾಗಿದೆ. ರೆಡ್ ಮತ್ತು ಅಸಿನಿಬೊಯಿನ್ ಎಂಬ ಎರಡು ನದಿಗಳು ಅಲ್ಲಿ ಕೂಡುತ್ತವೆ. ಸಂಗಮ ಎಂದ ಕೂಡಲೇ ನನ್ನ ಹೆಂಡತಿ ಸ್ನಾನಘಟ್ಟಕ್ಕಾಗಿ ಕಣ್ಣು ಹಾಯಿಸಿದಳು. ಘಟ್ಟ ಇರಲಿಲ್ಲ; ಗಾಂಧಿ ಪ್ರತಿಮೆ ಇತ್ತು. ಮ್ಯೂಸಿಯಂ ಬಾಗಿಲು ತೆರೆದದ್ದು 2014ರ ಸೆಪ್ಟೆಂಬರಿನಲ್ಲಿ. ಗಾಂಧಿ 2004ರಲ್ಲೇ ಹೋಗಿ ನಿಂತಿದ್ದರು. ಆ ಮುದುಕ ಎಲ್ಲ ಕಡೆಯೂ ಹೊತ್ತಿಗೆ ಮುಂಚೆಯೇ ಹೋಗುವ ಜಾತಿ. ಕಟ್ಟಡದ ಕನಸು ಕಂಡವರು ಆ ಊರಿನವರೇ ಆದ ಟಿ.ವಿ., ಪತ್ರಿಕೆಗಳ ಉದ್ಯಮಿ ಇಸ್ರೇಲ್ ಆಸ್ಪರ್. ಯೋಜನೆ ಪ್ರಕಟಿಸಿದ 2003ರಲ್ಲೇ ತೀರಿಕೊಂಡರು. 2008ರಲ್ಲಿ ಸಂಸತ್ತು ಕಾನೂನು ತಿದ್ದಿ ಅದನ್ನು ರಾಷ್ಟ್ರೀಯ ಮ್ಯೂಸಿಯಂ ಮಾಡಿತು. ರಾಜಧಾನಿ ಒಟ್ಟಾವಾದ ಆಸುಪಾಸು ಬಿಟ್ಟು ಹೊರಗೆ ಆ ದೇಶ ಕಟ್ಟಿದ ಮೊದಲ ರಾಷ್ಟ್ರೀಯ ಮ್ಯೂಸಿಯಂ ಇದೇ. ಖರ್ಚು ಸುಮಾರು 35 ಕೋಟಿ ಡಾಲರ್. ಇದನ್ನೂ ಟಿಕೆಟ್ಟಿನ ದರವನ್ನೂ ರೂಪಾಯಿಗೆ ತಿರುಗಿಸಕೂಡದು ಎಂದು ಮಗಳು ಮನೆಯಲ್ಲೇ ಎಚ್ಚರಿಕೆ ಕೊಟ್ಟಿದ್ದಳು. ನಾನು ತಿರುಗಿಸಿಯೇ ತಿರುಗಿಸಿದೆ. ಡಾಲರನ್ನು ರೂಪಾಯಿ ಮಾಡಿ ನೋಡಿ ಬೆಚ್ಚಿಬೀಳುವುದನ್ನು ಪಿಂಚಣಿದಾರನ ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕು.

ವಾಸ್ತುಶಿಲ್ಪಿ ಆಂಟ್ವಾನ್ ಪ್ರೆಡಾಕ್ ಅವರಿಗೆ ಒಂದು ಕಲ್ಪನೆ. ನೋಡುವವರು ಕತ್ತಲಲ್ಲಿ ಹೊಕ್ಕು, ಸುತ್ತಿ ಸುತ್ತಿ ಏರಿ, ಕೊನೆಗೆ ನೂರು ಮೀಟರ್ ಎತ್ತರದ ಗಾಜಿನ ಗೋಪುರದ ಬೆಳಕಿಗೆ ಬರಬೇಕು. ನಡುವೆ ಮೆಟ್ಟಿಲ ಬದಲು ಇಳಿಜಾರು ದಾರಿಗಳು. ಒಳಗಿನಿಂದ ದೀಪ ಬೆಳಗುವ ಸ್ಪೇನಿನ ಅಲಬಾಸ್ಟರ್ ಕಲ್ಲಿನ ಗೋಡೆಗಳು. ಆ ದಾರಿಗಳನ್ನೆಲ್ಲ ಸೇರಿಸಿದರೆ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು. ನೆಲಮಂಗಲದ ಕಡೆಯವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಇದು ಶಿವಗಂಗೆ ಬೆಟ್ಟ ಹತ್ತಿದ ಹಾಗೆ: ಕಾಲು ನೋಯದೆ ದರ್ಶನವಿಲ್ಲ. ಆದರೆ ಶಿವಗಂಗೆಯಲ್ಲಿ ದಾರಿಯುದ್ದಕ್ಕೂ ಮಜ್ಜಿಗೆ, ಸೌತೆಕಾಯಿ ಸಿಗುತ್ತದೆ. ಇಲ್ಲಿ ಪ್ರತಿ ತಿರುವಿಗೂ ಒಂದು ಘೋರ. ಯೆಹೂದ್ಯರ ಹತ್ಯಾಕಾಂಡ, ಉಕ್ರೇನಿನಲ್ಲಿ ಬೇಕೆಂದೇ ತಂದ ಬರಗಾಲ, ಗುಲಾಮಗಿರಿ. ಮೂರನೇ ತಿರುವಿನಲ್ಲಿ ನನ್ನ ಹೆಂಡತಿ ಬೆಂಚು ಹುಡುಕಿ ಕೂತಳು. "ದುಡ್ಡು ಕೊಟ್ಟು ಅಳೋದಾಗಿದ್ರೆ ಊರಲ್ಲೇ ಯಾರದಾದ್ರೂ ತಿಥಿಗೆ ಹೋಗ್ಬೋದಿತ್ತಲ್ರೀ. ವಡೆನಾದ್ರೂ ಇರ್ತಿತ್ತು."

ಅವಳು ಮತ್ತೆ ಎದ್ದದ್ದು ಒಂದು ಸಿನಿಮಾ ಕಥೆಗೆ. ಸಿನಿಮಾದೊಳಗಿನ ಕಥೆಯಲ್ಲ, ಸಿನಿಮಾ ಟೆಂಟಿನಲ್ಲಿ ನಡೆಯುವಂಥ ಕಥೆ. 1946ರ ನವೆಂಬರ್ 8ರಂದು ನೋವಾ ಸ್ಕೋಷಿಯಾ ಪ್ರಾಂತ್ಯದ ನ್ಯೂ ಗ್ಲಾಸ್ಗೋ ಎಂಬ ಊರಲ್ಲಿ ವಯೋಲಾ ಡೆಸ್ಮಂಡ್ ಎಂಬ ಕಪ್ಪು ಮಹಿಳೆಯ ಕಾರು ಕೆಟ್ಟು ನಿಂತಿತು. ಆಕೆ ಸ್ವಂತ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ವ್ಯಾಪಾರಸ್ಥೆ. ರಿಪೇರಿ ಆಗುವ ತನಕ ಹೊತ್ತು ಹೋಗಲಿ ಎಂದು ಥಿಯೇಟರಿಗೆ ಹೋದರು. ದೂರದೃಷ್ಟಿ ಮಂದವಾದ್ದರಿಂದ ಕೆಳಗೆ ಪರದೆಯ ಹತ್ತಿರ ಕೂತರು. ಕೆಳಗಿನ ಸೀಟು ಬಿಳಿಯರಿಗೆ, ಕಪ್ಪು ಜನಕ್ಕೆ ಬಾಲ್ಕನಿ. ಹೆಚ್ಚಿನ ದುಡ್ಡು ಕೊಡುತ್ತೇನೆ ಎಂದರೂ ಒಪ್ಪದೆ ಹೊರಗೆ ಎಳೆದು ಹಾಕಿ ರಾತ್ರಿಯೆಲ್ಲ ಲಾಕಪ್ಪಿನಲ್ಲಿ ಇಟ್ಟರು. ಬೆಳಿಗ್ಗೆ ಹೊರಿಸಿದ ಆಪಾದನೆ ಏನು? ಬಾಲ್ಕನಿ ಟಿಕೆಟ್ಟಿನ ತೆರಿಗೆಗೂ ಕೆಳಗಿನ ಟಿಕೆಟ್ಟಿನ ತೆರಿಗೆಗೂ ಇದ್ದ ವ್ಯತ್ಯಾಸ ಒಂದು ಸೆಂಟು. ಒಂದು ಸೆಂಟು ಮನರಂಜನಾ ತೆರಿಗೆ ವಂಚನೆ! ಬಣ್ಣದ ಮಾತು ಕಾಗದದ ಮೇಲೆ ಎಲ್ಲೂ ಇಲ್ಲ. 2010ರಲ್ಲಿ, ಆಕೆ ತೀರಿಕೊಂಡ ನಲವತ್ತೈದು ವರ್ಷದ ಮೇಲೆ, ಪ್ರಾಂತ್ಯ ಸರ್ಕಾರ ಕ್ಷಮಾದಾನ ಕೊಟ್ಟಿತು. 2018ರಿಂದ ಕೆನಡಾದ ಹತ್ತು ಡಾಲರ್ ನೋಟಿನ ಒಂದು ಬದಿಯಲ್ಲಿ ಆಕೆಯ ಚಿತ್ರ, ಇನ್ನೊಂದು ಬದಿಯಲ್ಲಿ ಇದೇ ಮ್ಯೂಸಿಯಂ. ಒಂದು ಸೆಂಟಿನ ಕಳ್ಳಿ ಎಂದವರು ಕೊನೆಗೆ ಆಕೆಯನ್ನು ನೋಟಿನ ಮೇಲೆಯೇ ಕೂರಿಸಿ ಲೆಕ್ಕ ಚುಕ್ತಾ ಮಾಡಿದರು.

ಟೆಂಟ್ ಸಿನಿಮಾದಲ್ಲಿ ಬೆಳೆದ ನನಗೆ ಈ ಕಥೆಯ ಒಳಗುಟ್ಟು ಬೇಗ ತಿಳಿಯಿತು. ನಮ್ಮಲ್ಲಿ ಮೂರು ತರಗತಿ: ನೆಲ, ಬೆಂಚು, ಕುರ್ಚಿ. ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ನೆಲದಲ್ಲೂ ಕುರ್ಚಿಯ ಸುಖ ಸಿಗುತ್ತದೆ ಎಂಬುದು ನಮ್ಮ ಸಂಶೋಧನೆ. ಯಾವ ಜಾತಿಯವರು ಎಲ್ಲಿ ಕೂರಬೇಕೆಂದು ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯ ಇರಲಿಲ್ಲ. ಕುರ್ಚಿಯ ದುಡ್ಡು ಕೈಯಲ್ಲಿದ್ದರೂ ಕೆಲವರು ನೆಲದಲ್ಲೇ ಕೂರುತ್ತಿದ್ದರು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನ್ಯೂ ಗ್ಲಾಸ್ಗೋದ ಥಿಯೇಟರಿನವರಿಗೆ ಪೊಲೀಸರನ್ನು ಕರೆಸುವ ಕಷ್ಟವಾದರೂ ಇತ್ತು.

ಆ ಮ್ಯೂಸಿಯಂನಲ್ಲಿ ನನಗೆ ಮೆಚ್ಚುಗೆಯಾದದ್ದು ಗಾಜಲ್ಲ, ಗೋಪುರವಲ್ಲ. ಮನೆಯವರು ತಮ್ಮ ಮನೆಯ ಕೊಳೆಯನ್ನು ಪಡಸಾಲೆಯಲ್ಲೇ ಇಟ್ಟಿರುವುದು. ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಯರಿಂದ ಕಿತ್ತು ವಸತಿ ಶಾಲೆಗೆ ಹಾಕುವ ಪದ್ಧತಿ ಆ ದೇಶದಲ್ಲಿ ನೂರು ವರ್ಷಕ್ಕೂ ಹೆಚ್ಚು ನಡೆಯಿತು. ಹಾಗೆ ಹೋದ ಮಕ್ಕಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಕೊನೆಯ ಶಾಲೆ ಮುಚ್ಚಿದ್ದು 1990ರ ದಶಕದಲ್ಲಿ. ಅಲ್ಲಿ ತಾಯಿನುಡಿ ಆಡಿದರೆ ಶಿಕ್ಷೆ. ಇದನ್ನು ಓದುತ್ತಾ ನನಗೆ ನಮ್ಮ ಕಡೆಯ ಕೆಲವು ಕಾನ್ವೆಂಟುಗಳು ನೆನಪಾದವು. ಕನ್ನಡ ಮಾತಾಡಿದ ಹುಡುಗನಿಂದ ದಂಡ ವಸೂಲು ಮಾಡಿ, ಆ ದುಡ್ಡಿನಲ್ಲೇ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡಿದರೂ ಮಾಡುವಂಥವು. ಅಲ್ಲಿ ಮಕ್ಕಳನ್ನು ಕಿತ್ತುಕೊಂಡು ಹೋಗುತ್ತಿದ್ದರು. ನಾವು ಬೆಳಗಿನ ಜಾವ ಸರದಿಯಲ್ಲಿ ನಿಂತು, ಡೊನೇಷನ್ ಕೊಟ್ಟು ಒಪ್ಪಿಸಿ ಬರುತ್ತೇವೆ. ಎರಡೂ ಒಂದೇ ಎನ್ನುವಷ್ಟು ದಡ್ಡ ನಾನಲ್ಲ. ಆದರೂ ಅಳಿಯನ ಕಡೆ ತಿರುಗಿ ಮೊಮ್ಮಗಳ ಕನ್ನಡ ಎಲ್ಲಿಗೆ ಬಂತು ಎಂದು ಕೇಳಿದೆ. ಅವನು ಲಿಫ್ಟ್ ಎಲ್ಲಿದೆ ಎಂದು ಹುಡುಕತೊಡಗಿದ.

ಕೊಮಗಾಟಾ ಮಾರು ಹಡಗಿನ ಕಥೆಯೂ ಅವರ ಚರಿತ್ರೆಯ ಅಂಥದ್ದೇ ಒಂದು ಪುಟ. 1914ರಲ್ಲಿ 376 ಮಂದಿಯನ್ನು, ಹೆಚ್ಚಿನವರು ಪಂಜಾಬಿಗಳು, ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಇಪ್ಪತ್ತು ಚಿಲ್ಲರೆ ಜನರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಅಟ್ಟಿದರು. ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ವೀಸಾಕ್ಕಾಗಿ ಮಗಳು ಪಟ್ಟ ಪಾಡನ್ನು ಕಂಡಿದ್ದ ನನ್ನ ಹೆಂಡತಿಗೆ ಆ ಹಡಗಿನವರ ಬಗ್ಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ಮ್ಯೂಸಿಯಂ ಕೂಡ ಸಾಚಾ ಎಂದೇನಲ್ಲ. 2020ರಲ್ಲಿ ಅಲ್ಲಿನ ನೌಕರರೇ ಎದ್ದು, ಹಕ್ಕು ಸಾರುವ ಈ ಮನೆಯೊಳಗೇ ಬಣ್ಣದ ತಾರತಮ್ಯ ಇದೆ ಎಂದರು. ಮುಖ್ಯಸ್ಥರು ಹುದ್ದೆ ಬಿಟ್ಟರು, ಸಂಸ್ಥೆ ಕ್ಷಮೆ ಕೇಳಿತು.

ಆದರೆ ಎಲ್ಲಕ್ಕಿಂತ ದೊಡ್ಡ ಪ್ರದರ್ಶನ ಆ ಕಟ್ಟಡದಲ್ಲಿ ಇಲ್ಲ. ಅದು ನಲ್ಲಿಯಲ್ಲಿದೆ. ವಿನಿಪೆಗ್ ನಗರ ಕುಡಿಯುವ ನೀರು ಬರುವುದು ನೂರೈವತ್ತು ಕಿಲೋಮೀಟರ್ ದೂರದ ಶೋಲ್ ಲೇಕ್ ಸರೋವರದಿಂದ. 1919ರಲ್ಲಿ ಕಾಲುವೆ ಮುಗಿಯಿತು. ಆ ಕೆಲಸದಲ್ಲಿ ಸರೋವರದ ದಡದ ಮೂಲನಿವಾಸಿಗಳ ಊರನ್ನು ಎತ್ತಿ ಆಚೆ ಹಾಕಿದರು. ಅಗೆತದಿಂದ ಹೊಸ ಜಾಗ ನಡುಗಡ್ಡೆಯಾಯಿತು. ಊರಿಗೆ ರಸ್ತೆ ಬಂದದ್ದು ನೂರು ವರ್ಷದ ಮೇಲೆ, 2019ರಲ್ಲಿ. ನಗರಕ್ಕೆ ನೀರು ಕೊಟ್ಟ ಆ ಜನ ಎರಡು ದಶಕಕ್ಕೂ ಹೆಚ್ಚು ಕಾಲ ನೀರನ್ನು ಕುದಿಸಿ ಕುಡಿಯಬೇಕಾಯಿತು; ಶುದ್ಧೀಕರಣ ಘಟಕ ಬಂದದ್ದು 2021ರಲ್ಲಿ. ಅತ್ತ ಗಾಜಿನ ಗೋಪುರದ ಉದ್ಘಾಟನೆ ಆಗುವಾಗ ಇತ್ತ ಈ ಊರಿನವರು ಕೈಕಟ್ಟಿ ಕೂರಲಿಲ್ಲ. ತಮ್ಮ ಊರನ್ನೇ ಮಾನವ ಹಕ್ಕು ಉಲ್ಲಂಘನೆಯ ಮ್ಯೂಸಿಯಂ ಎಂದು ಘೋಷಿಸಿ, ಬನ್ನಿ, ನೋಡಿ ಎಂದು ಕರೆದರು. ಈ ಹಾಸ್ಯಪ್ರಜ್ಞೆ ನಮ್ಮ ಹಳ್ಳಿಗಳದ್ದೇ. ಮಳೆಗಾಲದಲ್ಲಿ ರಸ್ತೆ ಗುಂಡಿಗೆ ಭತ್ತದ ಪೈರು ನಾಟಿ ಶಾಸಕರನ್ನು ಕಳೆ ಕೀಳಲು ಕರೆಯುವವರಲ್ಲವೇ ನಾವು?

ನೀರಿನ ವಿಷಯಕ್ಕೆ ಬಂದರೆ ನಾವೂ ಕಡಿಮೆಯವರಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಕೆರೆಗಳನ್ನು ಒಂದೊಂದಾಗಿ ತುಂಬಿಸಿಕೊಂಡು ಹೋಗುವ ಅರ್ಕಾವತಿ 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿನ ಬಾಯಾರಿಕೆ ತಣಿಸಿದ ನದಿ. ಮೊದಲು ಕೊಳಾಯಿ ನೀರು ಕಂಡ ಬೆಂಗಳೂರಿಗರು ಕುಡಿದದ್ದು ನಮ್ಮ ನೀರನ್ನೇ. ಈಗ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ನಗರದ ಕೊಳಚೆಯೂ ಬಂದು ಸೇರುತ್ತಿದೆ ಎಂದು ಅಲ್ಲಿನ ಜನ ವರ್ಷಗಟ್ಟಲೆಯಿಂದ ಹೋರಾಡುತ್ತಿದ್ದಾರೆ. ಅವರ ಬೇಡಿಕೆ ಬಹಳ ದೊಡ್ಡದೇನಲ್ಲ: ಕೆರೆಯಲ್ಲಿ ಎಮ್ಮೆ ಇಳಿಸುವ ಹಾಗಿರಬೇಕು.

ಊರಿಗೆ ಹಿಂತಿರುಗಿ ಸಿದ್ದಲಿಂಗಯ್ಯ ವೃತ್ತದ ಹತ್ತಿರದ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆ. ಸಂಜೆಯ ನಮ್ಮ ಕೂಟದಲ್ಲಿ ಮಗ್ಗದ ಯಜಮಾನರೊಬ್ಬರು, ನಿವೃತ್ತ ಶಿರಸ್ತೇದಾರರು, ರಿಯಲ್ ಎಸ್ಟೇಟ್ ಮಾಡುವ ನನ್ನ ಹಳೆಯ ವಿದ್ಯಾರ್ಥಿ. ಕೂಡಲೇ ನಮ್ಮ ಜಿಲ್ಲೆಗೂ ಒಂದು ಮ್ಯೂಸಿಯಂ ಬೇಕು ಎಂದು ತೀರ್ಮಾನವಾಯಿತು. ನಮ್ಮ ದೇಶದಲ್ಲೂ ಇಂಥ ಪ್ರಯತ್ನಗಳಿವೆ. ಭೋಪಾಲಿನ ಅನಿಲ ದುರಂತದಲ್ಲಿ ಬದುಕುಳಿದವರು 2014ರಲ್ಲಿ ಸರ್ಕಾರದ ದುಡ್ಡಾಗಲಿ ಕಂಪನಿ ದುಡ್ಡಾಗಲಿ ಮುಟ್ಟದೆ ಒಂದು ಮಾಡಿಕೊಂಡಿದ್ದಾರೆ. ಅಮೃತಸರದಲ್ಲಿ 2017ರಿಂದ ದೇಶ ವಿಭಜನೆಯ ಮ್ಯೂಸಿಯಂ ಇದೆ. ನಮ್ಮದು ಎಲ್ಲಿ ಎಂಬುದೇ ಪ್ರಶ್ನೆ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ ತಲಾ ಒಂದು ಬಣವಾದವು. ರಾಜ್ಯ ಸಂಪುಟ 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಕೂತು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ನಿರ್ಧರಿಸಿದ ಮೇಲೆ ಬೋರ್ಡಿನಲ್ಲಿ ಏನು ಬರೆಯಿಸಬೇಕು ಎಂಬ ಚರ್ಚೆಗೇ ಒಂದು ಸುತ್ತು ಟೀ ಆಯಿತು. ಕೊನೆಗೆ ಶಿಷ್ಯ ಮೂಲ ತಕರಾರು ಎತ್ತಿದ. "ಸಾರ್, ಇದಕ್ಕೆ ಕಮ್ಮಿ ಅಂದ್ರೂ ಹತ್ತೆಕರೆ ಬೇಕು. ಸರ್ಕಾರಿ ಗೋಮಾಳ ಎಲ್ಲೈತೆ ಈಗ? ಕೆಐಎಡಿಬಿಯೋರಿಗೆ ಹೇಳಿ ರೈತರ ಜಮೀನು ನೋಟಿಫೈ ಮಾಡಿಸ್ಬೇಕಾಯ್ತದೆ."

ಮಾನವ ಹಕ್ಕುಗಳ ಮ್ಯೂಸಿಯಂ ಕಟ್ಟಲು ರೈತರ ಭೂಸ್ವಾಧೀನ! ಎಲ್ಲರೂ ಲೋಟ ಕೆಳಗಿಟ್ಟರು. ಯಾಕೆಂದರೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಅಲ್ಲಿಂದ ದೂರವಿಲ್ಲ.

2008ರಲ್ಲಿ ವಿಮಾನ ನಿಲ್ದಾಣ ತೆರೆಯುವ ಹೊತ್ತಿಗೇ ಆ ತಾಲ್ಲೂಕಿನಲ್ಲಿ ಸುಮಾರು ನಾಲ್ಕು ಸಾವಿರ ಎಕರೆ ಹೋಗಿತ್ತು. 2022ರಲ್ಲಿ ವೈಮಾನಿಕ ಮತ್ತು ರಕ್ಷಣಾ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಬಂತು. ರೈತರು ಆ ವರ್ಷ ಏಪ್ರಿಲ್ 4ರಂದು ಧರಣಿ ಕೂತರು. ಆ ಪೆಂಡಾಲಿಗೆ ಹೋದಾಗ ನನಗೆ ಆಶ್ಚರ್ಯ ತಂದವರು ಅಲ್ಲಿದ್ದ ಅಜ್ಜಿಯರು. ಹೆಬ್ಬೆಟ್ಟು ಒತ್ತುವ ಅಜ್ಜಿ, "ಇಪ್ಪತ್ತೆಂಟು ಒಂದು ಆದ್ರೆ ತಕರಾರು ಹಾಕ್ಬೋದು ಕಣಪ್ಪ, ಇಪ್ಪತ್ತೆಂಟು ನಾಕು ಆಗೋದ್ರೆ ಮುಗೀತು" ಎಂದು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಕಾಯ್ದೆಯ ಕಲಂಗಳನ್ನು ಮಗ್ಗಿ ಹೇಳುವವರ ಸಲೀಸಿನಲ್ಲಿ ಹೇಳುತ್ತಿತ್ತು. ನಾನು ಪೌರನೀತಿ ಪಾಠ ಮಾಡಿದ ಯಾವ ವಿದ್ಯಾರ್ಥಿಗೂ ಒಂದು ಕಲಂ ಇಷ್ಟು ಚೆನ್ನಾಗಿ ಬಾಯಿಗೆ ಬಂದದ್ದಿಲ್ಲ. ಪರೀಕ್ಷೆಗೆ ಓದುವುದು ಬೇರೆ, ಪಹಣಿ ಕೈಬಿಟ್ಟು ಹೋಗುತ್ತದೆಂದು ಓದುವುದು ಬೇರೆ.

2025ರ ಜೂನ್ 25ರಂದು ದೇವನಹಳ್ಳಿ ಚಲೋ ನಡೆದು ಪೊಲೀಸರು ಹೋರಾಟಗಾರರನ್ನು ವಶಕ್ಕೆ ತೆಗೆದುಕೊಂಡರು. ರಾಜ್ಯದ ಮೂಲೆಮೂಲೆಯ ಸಂಘಟನೆಗಳು, ಲೇಖಕರು, ನಟ ಪ್ರಕಾಶ್ ರಾಜ್ ಜೊತೆಗೆ ನಿಂತರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಪೂರ್ತಿ ಕೈಬಿಡುವುದಾಗಿ ಹೇಳಿದರು. ಧರಣಿ ಅಷ್ಟು ಹೊತ್ತಿಗೆ 1,198 ದಿನ ದಾಟಿತ್ತು. ಅದೇ ಹೋಬಳಿಯ ನಲ್ಲೂರಿನಲ್ಲಿ ಶತಮಾನಗಳಷ್ಟು ಹಳೆಯ ಹುಣಸೆ ತೋಪು ಇದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದ್ದು ಅದನ್ನೇ. ಮರಗಳಿಗೆ ಸಿಕ್ಕ ಗ್ಯಾರಂಟಿ ಮನುಷ್ಯರಿಗೆ ಸಿಗಲು ಹದಿನೆಂಟು ವರ್ಷ ಹೆಚ್ಚು ಹಿಡಿಯಿತು.

ನಮ್ಮ ವೃತ್ತಕ್ಕೆ ಹೆಸರು ಕೊಟ್ಟ ಟಿ. ಸಿದ್ದಲಿಂಗಯ್ಯನವರೂ ಹಟ ಹಿಡಿದು ಕೂತರೆ ಏಳುವವರಾಗಿರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನದ ಅಧ್ಯಕ್ಷರಾಗಿ, ನಿಷೇಧ ಮುರಿದು ಧ್ವಜ ಹಾರಿಸಿ ಜೈಲಿಗೆ ಹೋದರು. ಅದಾದ ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ವಿನಿಪೆಗ್‌ನಿಂದ ಬಂದ ಮೇಲೆ ಆ ಜಾಗವನ್ನು ಇನ್ನೊಂದು ಸಲ ನೋಡಬೇಕೆನಿಸಿ ಪ್ಯಾಸೆಂಜರ್ ರೈಲು ಹತ್ತಿದೆ. ಮಾಕಳಿದುರ್ಗ, ತೊಂಡೇಬಾವಿ ದಾಟಿದರೆ ಗೌರಿಬಿದನೂರು; ಅಲ್ಲಿಂದ ಸ್ವಲ್ಪ ದೂರ. ಉತ್ತರ ಪಿನಾಕಿನಿಯ ದಡ. ವಿದುರ ನೆಟ್ಟದ್ದೆಂದು ಹೇಳುವ ಅಶ್ವತ್ಥದ ನೆಲೆ, ಅದರ ಸುತ್ತ ಲೆಕ್ಕವಿಲ್ಲದಷ್ಟು ನಾಗರಕಲ್ಲು. ಬರುವ ಜನ ಬಹುಪಾಲು ನಾಗದೋಷ ಪರಿಹಾರಕ್ಕೆ. ಹಾಲೆರೆದು, ಪ್ರದಕ್ಷಿಣೆ ಹಾಕಿ, ಮಂಡಕ್ಕಿ ಕಟ್ಟಿಸಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಗೊತ್ತಾದರೆ ಹುತಾತ್ಮರ ಸ್ಮಾರಕದ ಕಡೆ ಹೆಜ್ಜೆ ಹಾಕುತ್ತಾರೆ. ಅಲ್ಲಿ ವೀರಸೌಧ, ಚಿತ್ರಗಳ ಗ್ಯಾಲರಿ.

ಸತ್ತವರು ಎಷ್ಟು? ಆಗಿನ ಸರ್ಕಾರದ ಲೆಕ್ಕ ಹತ್ತು. ಜನರ ಲೆಕ್ಕ ಅದರ ಮೂರು ಪಟ್ಟು. ಸಾವಿನ ಲೆಕ್ಕದಲ್ಲಿ ಸರ್ಕಾರಗಳು ತೋರುವ ಮಿತವ್ಯಯವನ್ನು ಬೇರೆ ಯಾವ ಲೆಕ್ಕದಲ್ಲೂ ತೋರುವುದಿಲ್ಲ. ಈ ಜಾಗವನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎನ್ನುತ್ತಾರೆ. ಗೌರವಕ್ಕಾಗಿ ಇಟ್ಟ ಹೆಸರೇ. ಆದರೆ ಅದರಿಂದ ಒಂದು ಅನುಕೂಲವೂ ಆಗಿದೆ. ಅಲ್ಲಿದ್ದ ಹೈಸ್ಕೂಲು ಹುಡುಗರ ಗುಂಪನ್ನು, ಹಳೇ ಚಟ, "ಗುಂಡು ಹಾರಿಸಿದವರು ಯಾರ್ರಪ್ಪಾ?" ಎಂದು ಕೇಳಿದೆ. "ಬ್ರಿಟಿಷರು ಸಾರ್!" ಎಂದು ಒಕ್ಕೊರಲಿನ ಉತ್ತರ ಬಂತು. ಬ್ರಿಟಿಷರಲ್ಲ. ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ನಾವು ಇಂದಿಗೂ ಮಾದರಿ ಸಂಸ್ಥಾನ ಎಂದು ಕೊಂಡಾಡುವ, ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿದ್ದ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಸಂಸ್ಥಾನ. ಆಮೇಲೆ ಗಾಂಧಿಯವರು ವಲ್ಲಭಭಾಯಿ ಪಟೇಲ್ ಮತ್ತು ಕೃಪಲಾನಿಯವರನ್ನು ಕಳಿಸಿದರು; ರಾಜಿಯಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಿಗೆ ಸಿಕ್ಕಿತು. ಕನ್ನಂಬಾಡಿ ಕಟ್ಟಿದ ಕಾಲವೂ ಅದೇ, ವಿದುರಾಶ್ವತ್ಥದ ಕಾಲವೂ ಅದೇ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ನಮ್ಮ ಪಠ್ಯಪುಸ್ತಕಗಳಿಗೆ ಉಬ್ಬಸ ಬರುತ್ತದೆ. ತಪ್ಪು ಮಾಡಿದವನು ಹೊರಗಿನವನಾಗಿದ್ದರೆ ಮ್ಯೂಸಿಯಂ ಕಟ್ಟುವುದು ಸುಲಭ.

ನಮ್ಮ ಜಿಲ್ಲೆಯ ಮ್ಯೂಸಿಯಂ ಯಾವತ್ತಾದರೂ ಆದೀತೆಂದೇ ಇಟ್ಟುಕೊಳ್ಳೋಣ. ಹೋರಾಟದ ಗ್ಯಾಲರಿಗೆ ಸಾಮಾನಿನ ಕೊರತೆಯಿಲ್ಲ. ಚನ್ನರಾಯಪಟ್ಟಣದ ಹಸಿರು ಶಾಲು, ದೊಡ್ಡತುಮಕೂರು ಕೆರೆಯ ನೊರೆನೀರಿನ ಶೀಸೆ, ಜೀತದಾಳು ಹೆಬ್ಬೆಟ್ಟು ಒತ್ತಿದ ಪತ್ರ. ಜೀತವನ್ನು ಕಾನೂನು ನಿಷೇಧಿಸಿದ್ದು 1976ರಲ್ಲಿ. ತಲೆಯ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲಿ ಸಚಿವರಾಗಿ ನಿಷೇಧಿಸಿದ ಬಿ. ಬಸವಲಿಂಗಪ್ಪನವರ ಚಿತ್ರದ ಕೆಳಗೆ ಇಡಲು ಒಂದು ತಗಡಿನ ಡಬ್ಬ. ಇವೆಲ್ಲ ಸಿಗುತ್ತವೆ, ಕೇಳಿದರೆ ಜನ ಕೊಡುತ್ತಾರೆ. ಸಿಗದೆ ಇರುವುದು ಒಂದು ಸಾಮಾನು. ಅದು ನಮ್ಮ ಮನೆಗಳಲ್ಲೇ ಇತ್ತು.

ನಮ್ಮ ಅಜ್ಜಿಯ ಮನೆಯ ಜಗುಲಿಯ ಮಾಡಿನಲ್ಲಿ ಒಂದು ಗೂಡು. ಅದರಲ್ಲಿ ಒಂದು ಅಲ್ಯೂಮಿನಿಯಂ ಲೋಟ. ಅದಕ್ಕಿಂತ ಮುಂಚೆ ಅಲ್ಲಿ ತೆಂಗಿನ ಕರಟ ಇರುತ್ತಿತ್ತಂತೆ. ಲೋಟ ಬಂದದ್ದನ್ನು ಅಜ್ಜಿ ಸುಧಾರಣೆ ಎಂದೇ ತಿಳಿದಿದ್ದರು. ಕಳೆ ಕೀಳಲು ಬಂದ ಹೆಂಗಸರು ಅದನ್ನು ತಾವೇ ತೆಗೆದುಕೊಂಡು, ಮೇಲಿಂದ ಸುರಿದ ಕಾಫಿಯನ್ನು ಹಿಡಿದು ಕುಡಿದು, ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ಅಜ್ಜಿ ಕೆಟ್ಟವರಾಗಿರಲಿಲ್ಲ. ಅದೇ ಹೆಂಗಸರ ಹೆರಿಗೆಗೆ ಬೆಲ್ಲ, ತುಪ್ಪ ಕಳಿಸುತ್ತಿದ್ದರು. ತುಪ್ಪಕ್ಕೆ ಅಡ್ಡಿಯಿಲ್ಲ, ಲೋಟಕ್ಕೆ ಅಡ್ಡಿ. ಹೋಟೆಲುಗಳಲ್ಲೂ ಹೀಗೇ ಎರಡು ಸಾಲು ಲೋಟ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆ ಬಂದ ಮೇಲೂ ಎರಡನೇ ಸಾಲಿನ ಲೋಟಗಳು ದಶಕಗಟ್ಟಲೆ ಮೊಳೆಗೆ ನೇತಾಡುತ್ತಿದ್ದವು.

ಆಮೇಲೆ ಪೇಪರ್ ಕಪ್ಪು ಬಂತು. ಎಲ್ಲರಿಗೂ ಒಂದೇ ಕಪ್ಪು, ಕುಡಿದು ಎಸೆಯುವುದು. ಕಾಯ್ದೆ ಮಾಡಲಾರದ್ದನ್ನು ಶಿವಕಾಶಿಯದೋ ಪೀಣ್ಯದ್ದೋ ಯಾವುದೋ ಯಂತ್ರ ಮಾಡಿತು ಎಂದು ನಮ್ಮ ಶಿರಸ್ತೇದಾರರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅಷ್ಟು ಖಾತ್ರಿಯಿಲ್ಲ. ಎರಡನೇ ಲೋಟ ಹೋಯಿತು, ಸರಿ. ಆದರೆ ಎಲ್ಲರೂ ಒಂದೇ ಲೋಟದಲ್ಲಿ ಕುಡಿಯುವ ದಿನ ಬರುವ ಮುಂಚೆಯೇ ಲೋಟವೇ ಹೋಯಿತು. ಎಂಜಲಿನ ಪ್ರಶ್ನೆ ಬಗೆಹರಿಯಲಿಲ್ಲ, ಕಸದ ಬುಟ್ಟಿಗೆ ಬಿತ್ತು. ಕ್ಷೌರದಂಗಡಿಯ ಕುರ್ಚಿಗೆ, ದೇವಸ್ಥಾನದ ಹೊಸಿಲಿಗೆ ಪೇಪರಿನ ಬದಲಿ ಇನ್ನೂ ಸಿಕ್ಕಿಲ್ಲವಾದ್ದರಿಂದ ಅಲ್ಲಿ ಜಗಳ ಇನ್ನೂ ಪೇಪರಿನಲ್ಲಿ ಬರುತ್ತಿದೆ.

ಆ ಗೂಡಿನ ಲೋಟಕ್ಕಾಗಿ ನಾನು ಅಜ್ಜಿಯ ಊರಿನಲ್ಲಿ ವಿಚಾರಿಸಿದೆ. ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ದಾರೆ. ಸೋದರಮಾವನ ಮಗ, "ಅಂಥದ್ದೆಲ್ಲ ನಮ್ಮ ಮನೇಲಿ ಎಲ್ಲಿತ್ತು ಭಾವ?" ಎಂದ. ಊರಲ್ಲಿ ಯಾರನ್ನು ಕೇಳಿದರೂ ಅಂಥ ಲೋಟ ಪಕ್ಕದ ಮನೆಯಲ್ಲಿತ್ತು. ಪಕ್ಕದ ಮನೆಯವರನ್ನು ಕೇಳಿದರೆ ಅದು ಪಕ್ಕದ ಊರಿನಲ್ಲಿತ್ತು. ಇಡೀ ಜಿಲ್ಲೆಯಲ್ಲಿ ಆ ಲೋಟ ಯಾರ ಮನೆಯಲ್ಲೂ ಇರಲಿಲ್ಲ. ಕೇಳಬಾರದವರನ್ನು ಕೇಳುತ್ತಿದ್ದೇನೆ ಎಂದು ಕಳೆ ಕೀಳಲು ಬರುತ್ತಿದ್ದವರಲ್ಲಿ ಉಳಿದಿರುವ ಒಬ್ಬ ಮುದುಕಿಯನ್ನು ಹುಡುಕಿ ಹೋದೆ. ಆಕೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಯಾವ್ದು, ಆ ಅಂಚು ಸೊಟ್ಟಗಾಗಿದ್ ಲೋಟವಾ? ಎಡಗಡೆ ಗೂಡಲ್ಲಿರ್ತಿತ್ತಲ್ಲ" ಎಂದಳು. ಸೊಸೆಯನ್ನು ಕರೆದು ನನಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಡಿಸಿದಳು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಅಂಥ ಲೋಟವೊಂದು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಯಾವ ಊರು, ಯಾರ ಮನೆ, ಯಾವ ಕಾಲದ್ದು, ಯಾರು ಕುಡಿಯುತ್ತಿದ್ದರು ಎಂದು ಚೀಟಿ ಬರೆದು ಅಂಟಿಸಿ. ಮನೆತನದ ಹೆಸರನ್ನು ಬಿಡಬೇಡಿ. ಜಿಲ್ಲೆಗೆ ಮ್ಯೂಸಿಯಂ ಆಗುವ ತನಕ ಅದನ್ನಿಡಲು ನಿಮ್ಮೂರ ಶಾಲೆಯ ಬೀರುವಿನಲ್ಲಿ ಒಂದು ಗೇಣು ಜಾಗ ಕೇಳಿ. ಹೆಡ್‌ಮಾಸ್ತರು ಮೊದಲ ಸಲ ಒಪ್ಪುವುದಿಲ್ಲ, ನನಗೆ ಆ ಜಾತಿಯ ಪರಿಚಯ ಚೆನ್ನಾಗಿದೆ. ಎರಡನೇ ಸಲ ಕೇಳಿ.